ಬ್ರಿಟನ್ನಿನಲ್ಲಿ ಧರ್ಮದ ಕಾರಣಕ್ಕೆ ತೊಂದರೆಯಾದರೆ: ಪೊಲೀಸ್ ದಾಖಲೆಯಿಂದ ಜಿನೀವಾದವರೆಗೆ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಿಂದ ಓದಲು, ಆಸ್ಪತ್ರೆಗಳಲ್ಲಿ ನರ್ಸ್ ಕೆಲಸಕ್ಕೆ, ಐಟಿ ಉದ್ಯೋಗಕ್ಕೆ ಬ್ರಿಟನ್ನಿಗೆ ಬಂದವರಲ್ಲಿ ಲಿಂಗಾಯತರಿದ್ದಾರೆ, ಮುಸ್ಲಿಮರಿದ್ದಾರೆ, ಜೈನರಿದ್ದಾರೆ, ಕ್ರೈಸ್ತರಿದ್ದಾರೆ. ಬೀದಿಯಲ್ಲಿ ಯಾರೋ ಧರ್ಮ ಹಿಡಿದು ಬೈದಾಗ ಅಥವಾ ಕೆಲಸದ ಜಾಗದಲ್ಲಿ ಹಣೆಯ ವಿಭೂತಿಗೋ ಹಿಜಾಬಿಗೋ ಆಕ್ಷೇಪ ಬಂದಾಗ ಊರಿಗೆ ಫೋನ್ ಮಾಡಿದರೆ, ಹಿರಿಯರು ಸಾಮಾನ್ಯವಾಗಿ ಹೇಳುವುದು, "ಪರದೇಶದಾಗ ಇದ್ದೀಯವ್ವಾ, ಹೊಟ್ಟ್ಯಾಗ ಹಾಕ್ಕೊಂಡು ಸುಮ್ನಿರು" ಎಂದೇ. ಪ್ರೀತಿಯಿಂದ ಬರುವ ಈ ಮಾತನ್ನು ಗೌರವಿಸುತ್ತಲೇ, ಅದರಂತೆ ನಡೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ಒಂದು ದೇಶದಲ್ಲಿ ಧಾರ್ಮಿಕ ಅಸಹನೆ ಎಷ್ಟಿದೆ ಎಂಬುದನ್ನು ಅಂತರರಾಷ್ಟ್ರೀಯ ಸಂಸ್ಥೆಗಳು ಬಹುಮಟ್ಟಿಗೆ ಅಲ್ಲಿಯೇ ದಾಖಲಾದ ದೂರುಗಳಿಂದ ತಿಳಿಯುತ್ತವೆ. ಯಾರಿಗೂ ಹೇಳದೆ ನುಂಗಿಕೊಂಡ ಘಟನೆ ಅವರ ವರದಿಯನ್ನು ಸೇರುವುದೇ ಇಲ್ಲ.

ಹಲ್ಲೆ, ಬೆದರಿಕೆ, ಮನೆಯ ಮೇಲೆ ಕಲ್ಲೆಸೆತ ಇಂಥವಾದರೆ ಮೊದಲ ದಾರಿ ಪೊಲೀಸರು. ಪ್ರಾಣಭಯವಿದ್ದರೆ 999, ಇಲ್ಲದಿದ್ದರೆ 101. ಅದು ದ್ವೇಷದಿಂದ ನಡೆದ ಅಪರಾಧವೆಂದು ನಿಮಗಾಗಲಿ, ಕಣ್ಣಾರೆ ಕಂಡ ಬೇರೊಬ್ಬರಿಗಾಗಲಿ ಅನ್ನಿಸಿದರೆ ಪೊಲೀಸರು ಅದನ್ನು ಹಾಗೆಯೇ ದಾಖಲಿಸಬೇಕು. ಸಾಕ್ಷ್ಯದ ಪ್ರಶ್ನೆ ಮುಂದೆ ನ್ಯಾಯಾಲಯದಲ್ಲಿ ಬರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 1998ರ ಅಪರಾಧ ಮತ್ತು ಅಶಾಂತಿ ಕಾಯ್ದೆಯ ಪ್ರಕಾರ ನೀವು ನಿಜಕ್ಕೂ ಯಾವ ಧರ್ಮದವರು ಎಂಬುದಕ್ಕಿಂತ, ಆರೋಪಿ ನಿಮ್ಮನ್ನು ಯಾವ ಧರ್ಮದವರೆಂದು ಭಾವಿಸಿ ದ್ವೇಷ ತೋರಿದ ಎಂಬುದೂ ಸಾಕಾಗುತ್ತದೆ. ಮುಸ್ಲಿಮನೆಂದು ತಿಳಿದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಿಂಗಾಯತ ಹುಡುಗನನ್ನು ಹೊಡೆದರೂ ಅದು ಧರ್ಮದ್ವೇಷದ ಅಪರಾಧವೇ. "ನಾನು ಅವರವನಲ್ಲ" ಎಂದು ವಿವರಿಸುತ್ತ ನಿಲ್ಲುವ ಅಗತ್ಯವಿಲ್ಲ, ಹಾಗೆ ವಿವರಿಸುವುದು ಸರಿಯೂ ಅಲ್ಲ.

ಉದ್ಯೋಗದ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. 2010ರ ಸಮಾನತಾ ಕಾಯ್ದೆ ಧರ್ಮ ಮತ್ತು ನಂಬಿಕೆಯ ಆಧಾರದ ತಾರತಮ್ಯವನ್ನು ನಿಷೇಧಿಸುತ್ತದೆ; ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವುದನ್ನೂ ನಿಷೇಧಿಸುತ್ತದೆ. ಮಾಲೀಕರ ಪ್ರಾಯೋಜಕತ್ವದ ವೀಸಾದಲ್ಲಿರುವ ನಮ್ಮವರು ಈ ಎರಡನೆಯ ಮಾತನ್ನು ಚೆನ್ನಾಗಿ ತಿಳಿದಿರಬೇಕು. (ಉತ್ತರ ಐರ್ಲೆಂಡಿನ ಕಾನೂನು ಬೇರೆ.) ಆದರೆ ಕಾಯ್ದೆ ಎಲ್ಲ ನಿರ್ಬಂಧವನ್ನೂ ತಾರತಮ್ಯವೆನ್ನುವುದಿಲ್ಲ. ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ 2013ರ ಜನವರಿಯಲ್ಲಿ ಬ್ರಿಟನ್ನಿನ ಪ್ರಕರಣಗಳನ್ನು ಒಟ್ಟಿಗೆ ತೀರ್ಮಾನಿಸಿದಾಗ, ಕೊರಳಲ್ಲಿ ಕಾಣುವಂತೆ ಶಿಲುಬೆ ಧರಿಸಿದ್ದ ವಿಮಾನ ಸಂಸ್ಥೆಯ ಉದ್ಯೋಗಿಯ ಪರವಾಗಿ ತೀರ್ಪಿತ್ತಿತು; ಹಾಗೆಯೇ ಧರಿಸಿದ್ದ ನರ್ಸ್ ಒಬ್ಬರಿಗೆ ಮಾತ್ರ, ರೋಗಿಗಳ ಮತ್ತು ಸಿಬ್ಬಂದಿಯ ಸುರಕ್ಷತೆಯ ಕಾರಣ ಕೊಟ್ಟು, ಆ ರಕ್ಷಣೆ ನೀಡಲಿಲ್ಲ. ಆದ್ದರಿಂದ ಕರಡಿಗೆಯಲ್ಲಿ ಇಷ್ಟಲಿಂಗ ಧರಿಸುವ ನರ್ಸ್ ಕೆಲಸಕ್ಕೆ ಸೇರುವಾಗಲೇ ವಾರ್ಡ್ ಮ್ಯಾನೇಜರಿಗೆ ಪತ್ರ ಬರೆದು, ಸಮವಸ್ತ್ರದ ಒಳಗೆ ಭದ್ರವಾಗಿ ಧರಿಸಲು ಅನುಮತಿ ಕೇಳುವುದು ಒಳ್ಳೆಯದು. ನಿರಾಕರಿಸಿದರೆ ಕಾರಣವನ್ನೂ ಬರಹದಲ್ಲಿಯೇ ಪಡೆಯಬೇಕು. ಉದ್ಯೋಗ ನ್ಯಾಯಮಂಡಳಿಗೆ ಹೋಗುವ ಮುನ್ನ ಉದ್ಯೋಗ ವಿವಾದಗಳಲ್ಲಿ ರಾಜಿ ಮಾಡಿಸುವ ಏಕಾಸ್ (Acas) ಎಂಬ ಸಂಸ್ಥೆಗೆ ತಿಳಿಸುವುದು ಕಡ್ಡಾಯ. ಕಾಲಮಿತಿ ಬಹಳ ಬಿಗಿಯಾದದ್ದು. ಘಟನೆಯಾದ ಮೂರು ತಿಂಗಳು ತುಂಬುವ ಮೊದಲೇ ಏಕಾಸ್‌ಗೆ ತಿಳಿಸುವುದು ಕ್ಷೇಮ.

ಇಲ್ಲಿ ಬರೆಸಿದ ದೂರು ಗಡಿ ದಾಟಿ ಹೋಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸರು ದಾಖಲಿಸಿದ ಪ್ರಕರಣಗಳ ಲೆಕ್ಕವನ್ನು ಬ್ರಿಟನ್ನಿನ ಗೃಹ ಇಲಾಖೆ ವರ್ಷಕ್ಕೊಮ್ಮೆ ಪ್ರಕಟಿಸುತ್ತದೆ. 2024ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಧರ್ಮದ್ವೇಷದ ಅಪರಾಧಗಳು 10,484 ಎಂದು ಅದು ಪ್ರಕಟಿಸಿತ್ತು. 57 ದೇಶಗಳ ಯುರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆಯ ವಾರ್ಸಾ ಕಚೇರಿ ಇಂಥ ಸರ್ಕಾರಿ ಅಂಕಿಗಳ ಜೊತೆಗೆ ನಾಗರಿಕ ಸಂಘಟನೆಗಳು ಕಳಿಸಿದ ಘಟನೆಗಳನ್ನೂ ಸಂಗ್ರಹಿಸುತ್ತದೆ. ಪೊಲೀಸರ ಬಳಿ ಹೋಗಲು ಅಂಜುವವರ ಅನುಭವವನ್ನು ಕನ್ನಡ ಸಂಘಗಳು ದಿನಾಂಕ ಸಹಿತ ಬರೆದಿಟ್ಟು ಇಂಥ ಸಂಘಟನೆಗಳಿಗೆ ತಲುಪಿಸಬಹುದು. ದಸರಾ, ರಾಜ್ಯೋತ್ಸವಗಳಿಗೆ ತೋರುವ ಶ್ರದ್ಧೆಯಲ್ಲಿ ಸ್ವಲ್ಪವನ್ನು ಈ ಕೆಲಸಕ್ಕೂ ಸಂಘಗಳು ಕೊಡಬೇಕೆಂಬುದು ನನ್ನ ಆಗ್ರಹ.

ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಮಾನವ ಹಕ್ಕು ವ್ಯವಸ್ಥೆಗೆ ಬರೆಯಬಹುದೇ ಎಂದು ಹಲವರು ಕೇಳುತ್ತಾರೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಬ್ರಿಟನ್ ಬದ್ಧವಾಗಿದ್ದರೂ, ಅದರಡಿ ವ್ಯಕ್ತಿಯೊಬ್ಬರು ನೇರವಾಗಿ ದೂರು ಕೊಡಲು ಅವಕಾಶ ಮಾಡಿಕೊಡುವ ಐಚ್ಛಿಕ ಒಪ್ಪಂದವನ್ನು ಒಪ್ಪಿಲ್ಲ, ಭಾರತವೂ ಒಪ್ಪಿಲ್ಲ. ಉಳಿದಿರುವ ದಾರಿ ಧರ್ಮ ಅಥವಾ ನಂಬಿಕೆಯ ಸ್ವಾತಂತ್ರ್ಯದ ವಿಶೇಷ ವರದಿಗಾರರದ್ದು; ಇವರು ಪತ್ರಕರ್ತರಲ್ಲ, ವಿಶ್ವಸಂಸ್ಥೆ ನೇಮಿಸುವ ಸ್ವತಂತ್ರ ತಜ್ಞರು. 1981ರ ನವೆಂಬರ್ 25ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಧಾರ್ಮಿಕ ಅಸಹನೆ ಮತ್ತು ತಾರತಮ್ಯದ ನಿರ್ಮೂಲನೆಗಾಗಿ ಘೋಷಣೆಯನ್ನು ಅಂಗೀಕರಿಸಿದ ಮೇಲೆ, 1986ರಲ್ಲಿ ಈ ಹುದ್ದೆ ಹುಟ್ಟಿತು. 2022ರಲ್ಲಿ ನಜಿಲಾ ಘನೇಯ ಅವರು ಅಧಿಕಾರ ವಹಿಸಿಕೊಂಡರು. ಅವರಿಗೆ ಬರೆಯುವ ಮೊದಲು ಇಲ್ಲಿನ ನ್ಯಾಯಾಲಯಗಳನ್ನೆಲ್ಲ ಹತ್ತಿ ಇಳಿದಿರಬೇಕೆಂಬ ನಿಯಮವಿಲ್ಲ. ಅವರು ತೀರ್ಪು ಕೊಡುವುದಿಲ್ಲ, ಪರಿಹಾರ ಕೊಡಿಸುವುದಿಲ್ಲ. ಸರ್ಕಾರಕ್ಕೆ ಪತ್ರ ಬರೆದು ವಿವರಣೆ ಕೇಳುತ್ತಾರೆ. ಆರೋಪವನ್ನು ತಿಳಿಸುವ ಇಂಥ ಪತ್ರಕ್ಕೆ ಉತ್ತರಿಸಲು ಸರ್ಕಾರಕ್ಕೆ ಸಾಮಾನ್ಯವಾಗಿ 60 ದಿನಗಳ ಗಡುವು ಇರುತ್ತದೆ, ಅನಂತರ ಪತ್ರವೂ ಉತ್ತರವೂ ಸಾರ್ವಜನಿಕವಾಗುತ್ತವೆ. ಹೀಗಾಗಿ ಅರ್ಜಿಯಲ್ಲಿ ಸಂತ್ರಸ್ತರ ಒಪ್ಪಿಗೆಯನ್ನು ಕೇಳುತ್ತಾರೆ. ಹೆಸರನ್ನು ಸರ್ಕಾರಕ್ಕೆ ತಿಳಿಸಬಹುದೇ, ವರದಿಯಲ್ಲಿ ಪ್ರಕಟಿಸಬಹುದೇ ಎಂಬ ಎರಡು ಪ್ರಶ್ನೆಗಳಿಗೆ ಮನೆಯವರೊಂದಿಗೆ ಮಾತಾಡಿದ ಮೇಲೆಯೇ ಉತ್ತರ ತುಂಬಿ.