ಆಟಿಯಲ್ಲೂ ಬೂಷ್ಟು ಹಿಡಿಯದ ಅಟ್ಟ

ಈ ಸಲ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯಲ್ಲಿ, ಬಂದ ಭಾವ ಕಾಲು ತೊಳೆದವರೇ ನೇರ ಅಟ್ಟ ಹತ್ತಿದರು. ಕೆಳಗಿನ ಸಾಲಿನಿಂದ ಒಂದು ಹಳೆ ಪುಸ್ತಕ ಎಳೆದರು. ನಡುವಿಗೆ ಬಿಡಿಸಿ ಮೂಗಿಗೆ ಹಿಡಿದು ಮೂಸಿದರು. ಇನ್ನೊಂದು ಎಳೆದರು. ಮೂರನೆಯದು ಮೂಸಿದ ಮೇಲೆ, "ಬೂಷ್ಟಿನ ವಾಸನೆ ಎಂತದೂ ಇಲ್ಲ ಅಲ್ವಾ ಮಾರಾಯ" ಎಂದರು. ಎರಡು ವರ್ಷದ ಹಿಂದೆ ಇದೇ ಭಾವ ಒಂದು ಪೂಜೆಯ ಊಟದ ಪಂಕ್ತಿಯಲ್ಲಿ, "ಇವ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಪುಸ್ತಕ ಇಡ್ತಾನಂತೆ, ಬೆಂಕಿಪೆಟ್ಟಿಗೆಯೂ ಅಲ್ಲೇ ಇಡ್ಲಿ" ಎಂದು ನಾಲ್ಕು ಜನರನ್ನು ನಗಿಸಿದವರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ, ತೋಟದ ಬದಿಯ ಮನೆ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗೋಡೆ, ಹಂಚಿನ ಮಾಡು. ಕಾಸರಗೋಡಿನ ಮಳೆ ಅಂದರೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ತಿರ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ತಮಾಷೆ ಎಂದರೆ ಕೇರಳದಲ್ಲಿ ವಾಚನ ದಿನ ಬರುವುದು ಜೂನ್ 19ಕ್ಕೆ. ಗ್ರಂಥಾಲಯ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ 1995ರಲ್ಲಿ ತೀರಿಕೊಂಡ ದಿನ ಅದು. ನಮ್ಮ ಕನ್ನಡ ಶಾಲೆಗಳಲ್ಲೂ ಆಚರಿಸುತ್ತಾರೆ. ಓದಿ ಓದಿ ಎಂದು ಮಕ್ಕಳಿಗೆ ಹೇಳುವ ವಾರವೂ ಕಪಾಟಿನ ಪುಸ್ತಕಕ್ಕೆ ಬೂಷ್ಟು ಹಿಡಿಯಲು ಶುರುವಾಗುವ ವಾರವೂ ಒಂದೇ.

ಮೊದಲ ಸೋಲು 2019ರದ್ದು. ಉತ್ತರದ ಕೋಣೆ ಸುಮ್ನೆ ಬಿದ್ದಿತ್ತು. ಅಲ್ಲಿ ಕಿಟಕಿಯ ಪಕ್ಕ ಒಂದು ಆರಾಮ ಕುರ್ಚಿ, ಒಂದು ದೀಪ, ಪಾರ್ಟಿಕಲ್ ಬೋರ್ಡಿನ ಎರಡು ಕಪಾಟು. ಪೇಟೆಯ ಅಂಗಡಿಯವರು "ನೀರು ಬಿದ್ದರೂ ಏನಾಗೋದಿಲ್ಲ ಸಾರ್" ಎಂದಿದ್ದರು. ನೀರು ಬೀಳಲೇ ಇಲ್ಲ. ಬರೀ ಗಾಳಿಯ ಪಸೆಗೇ ಚಾಕ್ಕೆ ಅದ್ದಿದ ರಸ್ಕಿನ ಹಾಗೆ ಉಬ್ಬಿತು. ಆಗಸ್ಟಿನಲ್ಲಿ ಕೆಳಗಿನ ಹಲಗೆ ಕುಸಿಯಿತು. ಕಪಾಟು ಸರಿಸಿ ನೋಡಿದರೆ ಹಿಂದಿನ ಗೋಡೆಯಲ್ಲಿ ಗೆದ್ದಲಿನ ಮಣ್ಣಿನ ದಾರಿ ಎರಡನೇ ಸಾಲಿನವರೆಗೂ ಹತ್ತಿದೆ. ಅಪ್ಪ ಜೋಪಾನ ಮಾಡಿದ್ದ ಯಕ್ಷಗಾನ ಪ್ರಸಂಗದ ಪುಸ್ತಕಗಳಲ್ಲಿ ಆರೋ ಏಳೋ ಒಳಗಿಂದ ಖಾಲಿ. ರಟ್ಟು ಮಾತ್ರ ಉಳಿದಿತ್ತು. ಕಪಾಟು, ಕುರ್ಚಿ, ಬಣ್ಣ ಎಲ್ಲ ಸೇರಿ 22 ಸಾವಿರ ಹೋಯಿತು. ಕುರ್ಚಿ ಈಗಲೂ ಉಂಟು, ಬೆಕ್ಕು ಮಲಗುತ್ತದೆ.

ಆಮೇಲೆ ಎರಡು ಮಳೆಗಾಲ ಪ್ರಯೋಗಗಳೇ. ಸಿಲಿಕಾ ಜೆಲ್ ಎರಡು ಕಿಲೋ ತರಿಸಿದೆ. ನಾಲ್ಕು ದಿನಕ್ಕೊಮ್ಮೆ ಬಾಣಲೆಯಲ್ಲಿ ಹುರಿಯಬೇಕು. ಹೆಂಡತಿ ಬಾಣಲೆ ಕೊಡುವುದಿಲ್ಲ ಎಂದಳು. ಅಡಿಕೆಗೆ ಹೊಡೆಯುವ ಬೋರ್ಡೋ ಮದ್ದಿಗೆ ತಂದು ಉಳಿದಿದ್ದ ಸುಟ್ಟ ಸುಣ್ಣವನ್ನು ಮಣ್ಣಿನ ಮಡಕೆಯಲ್ಲಿ ತುಂಬಿ ಕಪಾಟಿನ ಮೂಲೆಗಿಟ್ಟೆ. ಪಸೆ ಎಳೆಯಿತು, ಸುಳ್ಳಲ್ಲ. ಹತ್ತು ದಿನಕ್ಕೆ ಸುಣ್ಣ ಅರಳಿ ಮಡಕೆಯನ್ನೇ ಸೀಳಿತು. ಪುಸ್ತಕದ ಮೇಲೆಲ್ಲ ಬಿಳಿ ಹುಡಿ. ಲಕ್ಕಿ ಸೊಪ್ಪು ಇಟ್ಟೆ, ಬೇವು ಇಟ್ಟೆ. ಹುಳ ಕಡಿಮೆಯಾಯಿತು, ಬೂಷ್ಟು ಅದಕ್ಕೆಲ್ಲ ಕ್ಯಾರೇ ಅನ್ನಲಿಲ್ಲ.

ಒಂದೇ ಒಂದು ಫಲ ಕೊಟ್ಟಿತು. ಕಬ್ಬಿಣದ ಬೀರುವಿನೊಳಗೆ ಹಳೆ ಕಾಲದ 40 ವಾಟಿನ ಬಲ್ಬು ಉರಿಸುವುದು. ನಿಮ್ಮಲ್ಲಿ ಅನೇಕರು ರೇಷ್ಮೆ ಸೀರೆಗೆ ಇದನ್ನು ಮಾಡುತ್ತೀರಿ. ಬೀರುವಿನ ಪುಸ್ತಕ ಗರಿಗರಿ. ಆದರೆ ಬೀರುವಿನೊಳಗೆ ಕೂತು ಓದಲಾಗುತ್ತದಾ? ಆಗಲೇ ತಲೆಗೆ ಹೊಳೆದದ್ದು. ಕೆಲಸ ಮಾಡುವುದು ಬಿಸಿ. ಗಾಳಿಯಲ್ಲಿರುವ ನೀರನ್ನು ತೆಗೆಯಲು ಹೊರಟರೆ ಮುಗಿಯುವ ಬಾಬತ್ತಲ್ಲ, ಜಾಗ ಸ್ವಲ್ಪ ಬೆಚ್ಚಗಿದ್ದರೆ ಸಾಕು. ಹಾಗಾದರೆ ಮನೆಯಲ್ಲಿ ಮಳೆಗಾಲಕ್ಕೂ ಬೆಚ್ಚಗಿರುವ ಜಾಗ ಯಾವುದು?

ಅಜ್ಜ ಅದನ್ನು ಯಾವಾಗಲೋ ಕಂಡುಕೊಂಡಿದ್ದರು. ಬಚ್ಚಲಿನ ಹಂಡೆ ಒಲೆಯ ಮೇಲಿನ ಅಟ್ಟ. ಹಳತು ಅಡಿಕೆ ಕ್ರಯ ಏರಲಿ ಎಂದು ಕಾದು ಇಡುತ್ತಿದ್ದದ್ದು ಅಲ್ಲೇ. ಈಗ ಹಾಗೆ ಯಾರು ಇಡುತ್ತಾರೆ? ಕೊಳೆರೋಗದಲ್ಲಿ ಉಳಿದದ್ದನ್ನು ಸುಲಿದ ಹಾಗೆ ಕೊಟ್ಟುಬಿಡುತ್ತೇವೆ. ಅಟ್ಟದಲ್ಲಿ ಹರಕು ಗೋಣಿ, ಮುರಿದ ತೊಟ್ಟಿಲು, ಇಲಿಯ ಸಂಸಾರ. 400 ರೂಪಾಯಿಯ ಒಂದು ತೇವಾಂಶ ಮಾಪಕ ತರಿಸಿ ಜುಲೈಯಲ್ಲಿ ಒಂದು ವಾರ ಇಟ್ಟು ನೋಡಿದೆ. ಉತ್ತರದ ಕೋಣೆ ಶೇಕಡಾ 90ರಿಂದ ಕೆಳಗಿಳಿಯಲಿಲ್ಲ. ಅಟ್ಟದಲ್ಲಿ ಒಲೆ ಉರಿದ ದಿನ 70, ಕೆಲವೊಮ್ಮೆ 66. ಅಡಿಕೆಗೆ ಬೂಷ್ಟು ಹಿಡಿಯದ ಜಾಗದಲ್ಲಿ ಪುಸ್ತಕಕ್ಕೆ ಯಾಕೆ ಹಿಡಿಯಬೇಕು?

ಭಾವನ ಮುಂದಿನ ತಕರಾರು ಭಾರದ್ದು. "ಪುಸ್ತಕ ಭಾರ ಮಾರಾಯ, ಅಟ್ಟ ಕೂರ್ತದೆ." ನಾನು ಹೇಳಿದೆ, "ಭಾವಾ, ಈ ಅಟ್ಟ ಇಪ್ಪತ್ತು ಗೋಣಿ ಅಡಿಕೆ ಹೊತ್ತದ್ದನ್ನು ನೀವೇ ನೋಡಿದ್ದೀರಿ. ನಾನೂರು ಪುಸ್ತಕಕ್ಕೆ ಹೆದರ್ತದಾ?" ಗೋಣಿಗೆ ಅರುವತ್ತು ಅರುವತ್ತೈದು ಕಿಲೋ ಹಿಡಿದರೂ ಲೆಕ್ಕ ಎಲ್ಲಿಯದು ಎಲ್ಲಿಗೆ. ಆದರೂ ತೊಲೆಗಳಿಗೆ ಉಳಿ ಚುಚ್ಚಿ ನೋಡಿಸಿದೆ. ಒಂದರ ತುದಿ, ಗೋಡೆಗೆ ಸೇರುವಲ್ಲಿ, ಮೆತ್ತಗಾಗಿತ್ತು. ಅದಕ್ಕೆ ಒತ್ತಾಗಿ ಇನ್ನೊಂದು ತುಂಡು ಕೊಟ್ಟೆವು. ನೀವು ಮಾಡುವುದಿದ್ದರೆ ಮೊದಲು ಅದನ್ನು ನೋಡಿ.

ಮುಖ್ಯ ಕೆಲಸ ಹೊಗೆಯದ್ದು. ಮೊದಲು ಹಂಡೆ ಒಲೆಯ ಕೊಳವೆ ಗೋಡೆಯಿಂದ ಅಡ್ಡಕ್ಕೆ ಹೊರಗೆ ಹೋಗುತ್ತಿತ್ತು, ಬಿಸಿಯೆಲ್ಲ ಬಾಳೆಗಿಡಕ್ಕೆ. ಅದನ್ನು ತಿರುಗಿಸಿ ನೆಟ್ಟಗೆ ಅಟ್ಟದ ಮೂಲೆಯಿಂದ ಮಾಡಿನ ಮೇಲಕ್ಕೆ ಒಯ್ದೆ. ನಾಲ್ಕು ಇಂಚಿನ ಜಿಐ (ಸತುವಿನ ಲೇಪದ ಕಬ್ಬಿಣದ) ಕೊಳವೆ. ಸುತ್ತ ಮೂರಡಿ ಎತ್ತರಕ್ಕೆ ಮುರಕಲ್ಲಿನ ತುಂಡುಗಳ ಗೂಡು, ಕಲ್ಲಿಗೂ ಕೊಳವೆಗೂ ನಡುವೆ ಒಂದು ಗೇಣು ಬಿಟ್ಟು. ಸಂಜೆ ಒಲೆ ಹೊತ್ತಿಸಿದರೆ ಕಲ್ಲು ಬಿಸಿ ಹೀರಿಕೊಂಡು ರಾತ್ರಿ ಹನ್ನೊಂದರವರೆಗೂ ಬೆಚ್ಚಗಿರುತ್ತದೆ. ಈ ಕಲ್ಲಿನ ಗೂಡು ನನ್ನದೇ ತಲೆ, ಯಾರೂ ಹೇಳಿಕೊಟ್ಟದ್ದಲ್ಲ. ಪುಸ್ತಕದ ಸಾಲು ಶುರುವಾಗುವುದು ಅಲ್ಲಿಂದ ಐದಡಿ ಆಚೆ.

ಮೊದಲ ವರ್ಷ ಕೊಳವೆಯ ಸಂದಿಯಿಂದ ಹೊಗೆ ಸೋರಿತು. ಕಣ್ಣಿಗೆ ಕಾಣುವಷ್ಟಿರಲಿಲ್ಲ, ಆದರೆ ಅರ್ಧ ಗಂಟೆ ಕೂತರೆ ತಲೆನೋವು. ಪುಸ್ತಕಕ್ಕೆ ಹೊಗೆಸೊಪ್ಪಿನ ವಾಸನೆ ಬಂದಿದೆ ಎಂದು ಮಗಳು ಮೂಗು ಮುಚ್ಚಿದಳು. ಸಿಮೆಂಟು ಮೆತ್ತಿದೆ, ಬಿಸಿಗೆ ಬಿರಿಯಿತು. ಕೊನೆಗೆ ಹಳೆಯವರ ಒಂದು ಮೆತ್ತುವ ಮಣ್ಣು ನಿಂತಿತು. ಹುತ್ತದ ಮಣ್ಣು ಅದರಲ್ಲಿ ಇದೆ ಎಂದಷ್ಟು ಹೇಳುತ್ತೇನೆ, ಉಳಿದ ಎರಡು ಯಾವುದು, ಎಷ್ಟು ಎಂಬುದು ನನ್ನಲ್ಲೇ ಇರಲಿ. ಮನೆಗೆ ಬಂದವರಿಗೆ ತೋರಿಸಿದ್ದುಂಟು. ಏನೇ ಮೆತ್ತಿದರೂ ಒಲೆ ಉರಿಯುವಾಗ ಅಟ್ಟದ ಕಿಟಕಿ ನಾಲ್ಕು ಬೆರಳು ತೆರೆದೇ ಇರಬೇಕು. ಇದರಲ್ಲಿ ಚೌಕಾಸಿ ಮಾಡಬೇಡಿ.

ಮಾಡಿನಲ್ಲಿ ಕೊಳವೆ ಹೊರಡುವಲ್ಲಿ ನೀರು ಇಳಿಯಿತು, ಅದೂ ಮೊದಲ ಮಳೆಗೇ. ತಗಡಿನ ಟೋಪಿಗೆ ಎರಡು ಸಲ ದುಡ್ಡು ಕೊಟ್ಟೆ. ಮೊದಲನೆಯವನು ಟೋಪಿಯ ಅಂಚನ್ನು ಮೇಲಿನ ಹಂಚಿನ ಅಡಿಗೆ ತೂರಿಸದೆ ಮೇಲಿಂದಲೇ ಅಂಟಿಸಿದ್ದ. ನನಗೇ ಟೋಪಿ ಹಾಕಿದ ಎಂದು ಭಾವ ಅದಕ್ಕೂ ನಕ್ಕರು.

ಹಂಚು ತೆಗೆಯುವಾಗ ಒಂದರ ಹಿಂಬದಿಯಲ್ಲಿ 1865 ಎಂಬ ಅಚ್ಚು ಕಂಡಿತು. ಮನೆಯವರೆಲ್ಲ ನಮ್ಮ ಮಾಡು ನೂರೈವತ್ತು ವರ್ಷದ್ದು ಎಂದು ಎರಡು ದಿನ ಬೀಗಿದರು. ಅದು ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಎಷ್ಟೋ ವರ್ಷ ಬಿಟ್ಟು ಸುಟ್ಟ ಹಂಚಿಗೂ ಅದೇ ಅಚ್ಚು. ನಮ್ಮ ಮಾಡು ಅಜ್ಜ ಹೊದೆಸಿದ್ದು. ಆ ಹಂಚನ್ನು ಮತ್ತೆ ಮಾಡಿಗೆ ಹಾಕಲಿಲ್ಲ, ಪುಸ್ತಕದ ಸಾಲಿಗೆ ಒತ್ತು ಕೊಟ್ಟಿದ್ದೇನೆ.

ಬೆಳಕಿಗೆಂದು ಆರು ಕನ್ನಡಿ ಹಂಚು ಹಾಕಿಸಿದೆ, ಒಂದಕ್ಕೆ ಮುನ್ನೂರರ ಆಸುಪಾಸು. ದೊಡ್ಡ ತಪ್ಪು. ಫೆಬ್ರವರಿಯಲ್ಲೇ ಒಲೆಯಿಲ್ಲದೆ ಬೇಯುವ ಹಾಗಾಯಿತು. ಕೆಂಪು ರಟ್ಟಿನ ಪುಸ್ತಕಗಳ ಬೆನ್ನೆಲ್ಲ ಗುಲಾಬಿ. ಐದು ತೆಗೆಸಿದೆ. ಉತ್ತರದ ಇಳಿಜಾರಿನ ಒಂದು ಸಾಕು, ಅದರ ಬೆಳಕು ತಣ್ಣಗೆ, ಓದಲು ಹೇಳಿ ಮಾಡಿಸಿದ ಹಾಗೆ. ಬಿಸಿ ತಡೆಯಲು ಪಕ್ಕಾಸಿನ (ಹಂಚು ಹೊರುವ ಮರದ) ಅಡಿಗೆ ಅಡಿಕೆ ಹಾಳೆ ಬಡಿದು ನೋಡಿದ್ದೂ ಉಂಟು. ನೋಡಲು ಚಂದ ಇತ್ತು. ಒಂದು ತಿಂಗಳಲ್ಲಿ ಹಾಳೆಯ ಹಿಂದೆ ಜಿರಳೆ, ಜಿರಳೆಗೆ ಹಲ್ಲಿ, ಇಲಿಗೆ ಕೇರೆ ಹಾವು. ಎಲ್ಲ ಕಿತ್ತು ಅದೇ ಒಲೆಗೆ ಹಾಕಿದೆ. ಅಡಿಕೆ ಮರ ಸೀಳಿದ ಸಲಾಕೆಯ ಕಪಾಟೂ ಹಾಗೇ ಆಯಿತು, ಕುಟ್ಟೆ ಹುಳ ಹಿಡಿದು ಪ್ರತಿ ಬೆಳಿಗ್ಗೆ ಹಳದಿ ಹುಡಿ. ಕೊನೆಗೆ ತೋಟದ ಬದಿಯಲ್ಲಿ ಬಿದ್ದ ಹಲಸಿನ ಮರವನ್ನೇ ಹಲಗೆ ಮಾಡಿಸಿ, ಎರಡು ಕೈ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹೊಡೆದೆ. ಕೈಗವಸು ಹಾಕಿ, ಇಲ್ಲದಿದ್ದರೆ ನನ್ನ ಹಾಗೆ ಬೆರಳ ಸಂದಿಯೆಲ್ಲ ಬೊಬ್ಬೆ. ಮತ್ತೆ ಬಿಸಿಲಿಗೆ ಹಾಕಿ ಪೂರ್ತಿ ಒಣಗದೆ ಪುಸ್ತಕ ಇಡಬೇಡಿ, ಕಲೆ ಹೋಗುವುದಿಲ್ಲ.

ಕೂರುವುದು ಹೇಗೆ? ಮಾಡಿನ ನಡುವಿಗೆ ಆರೂವರೆ ಅಡಿ ಎತ್ತರ, ಬದಿಗೆ ಎರಡೇ ಅಡಿ. ಕುರ್ಚಿಯಿಂದ ಎದ್ದಾಗಲೆಲ್ಲ ಪಕ್ಕಾಸಿಗೆ ತಲೆ. ಹಾಗಾಗಿ ನೆಲದ ಮೇಲೆ ಹತ್ತಿಯ ಹಾಸಿಗೆ, ಒರಗಲು ಓರೆ ಹಲಗೆ. ಈ ಹಲಗೆಯ ಮಟ್ಟಿಗೆ ನಮ್ಮ ಆಚಾರಿಗೆ ಕೈಮುಗಿಯಬೇಕು. ಅಳತೆ ಕೇಳಲಿಲ್ಲ. ನನ್ನನ್ನು ಪುಸ್ತಕ ಹಿಡಿಸಿ ಕೂರಿಸಿದರು, ಬೆನ್ನಿಗೆ ಹಲಗೆ ಕೊಟ್ಟರು, ಅಡಿಗೆ ಒಂದೊಂದೇ ಚಕ್ಕೆ ತೂರಿಸುತ್ತಾ ಹೋದರು. "ಈಗ?" "ಕುತ್ತಿಗೆ ಎಳೀತದೆ." ಇನ್ನೊಂದು ಚಕ್ಕೆ ಹೊರಗೆ. ಹೀಗೆ ಕಾಲು ಗಂಟೆ. ಆಮೇಲೆ ಒಮ್ಮೆಗೇ, ನಾನು ಏನೂ ಹೇಳದೆ ನಾಲ್ಕು ಪುಟ ಓದಿಬಿಟ್ಟಿದ್ದೆ. ಅವರು ಪೆನ್ಸಿಲಿನಲ್ಲಿ ಗೀಟು ಹಾಕಿ ಮಲಯಾಳದಲ್ಲಿ ಏನೋ ಹೇಳಿಕೊಂಡು ಇಳಿದುಹೋದರು.

ಖರ್ಚು ನೆನಪಿದ್ದ ಹಾಗೆ: ಆಚಾರಿ ಸಂಬಳ ದಿನಕ್ಕೆ 1,200ರ ಹಾಗೆ ಒಂಬತ್ತೋ ಹತ್ತೋ ದಿನ. ಮರ ನಮ್ಮದೇ, ಮಿಲ್ಲಿನ ಕೂಲಿ 3,000. ಕೊಳವೆ, ತಗಡು, ಎರಡೆರಡು ಸಲ ಮಾಡಿಸಿದ್ದು ಸೇರಿ 8,000. ಹಾಸಿಗೆ, ದೀಪ, ಇಲಿಗೆ ಬಲೆ, ಹಾಳಾದ ಕನ್ನಡಿ ಹಂಚು ಎಲ್ಲ ಹಿಡಿದು ಮೂವತ್ತು ದಾಟಲಿಲ್ಲ. ಏಣಿ ತೆಗೆದು ಮೆಟ್ಟಿಲು ಮಾಡಿಸಿದ್ದಕ್ಕೆ ಬೇರೆ ಹದಿನಾಲ್ಕು. ಅದು ಅಮ್ಮ ಹತ್ತಲಿ ಎಂದು. ಅಮ್ಮ ಒಂದೇ ಸಲ ಹತ್ತಿದ್ದು, ತೊಟ್ಟಿಲು ಎಲ್ಲಿಟ್ಟಿದ್ದೀ ಎಂದು ಕೇಳಲು.

ಎರಡು ಮಳೆಗಾಲ ದಾಟಿತು. ನಾನೂರರಲ್ಲಿ ಒಂದಕ್ಕೂ ಬೂಷ್ಟು ಇಲ್ಲ. ಒಲೆಗೆ ನಾನು ತೆಂಗಿನ ಗೆರಟೆ ಹಾಕುವುದಿಲ್ಲ, ಒಮ್ಮೆಗೇ ಧಗಧಗ ಎಂದು ಮುಗಿಯುತ್ತದೆ. ಅಡಿಕೆ ಸಿಪ್ಪೆ ಗಂಟೆಗಟ್ಟಲೆ ನಿಧಾನಕ್ಕೆ ಉರಿಯುತ್ತಾ ಇರುತ್ತದೆ. ಮಸಿ ಮಾತ್ರ ಜಾಸ್ತಿ, ತಿಂಗಳಿಗೊಮ್ಮೆ ಕೊಳವೆ ಗುಡಿಸದಿದ್ದರೆ ಅಪಾಯ.

ಗೆಲ್ಲಲಾಗದ್ದು ಬೇಸಗೆಯನ್ನು. ಒಲೆಯನ್ನು ಸಂಜೆಗೆ ಬದಲು ಬೆಳಗಿನ ಜಾವ ಹೊತ್ತಿಸಿ ನೋಡಿದೆ, ಎಪ್ರಿಲ್ ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ ಅಲ್ಲಿ ಮನುಷ್ಯರು ಕೂರುವ ಹಾಗಿಲ್ಲ. ಹೆಂಡತಿ ಅದನ್ನು ನನಗಿಂತ ಮೊದಲು ಗಮನಿಸಿದ್ದಳು. ಹೋದ ವರ್ಷ ಮೇಯಲ್ಲಿ ನಾನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಹಾಸಿಗೆ ಮಡಚಿಟ್ಟು, ಚಾಪೆ ಬಿಡಿಸಿ, ಕನ್ನಡಿ ಹಂಚಿನ ಅಡಿಗೆ ಸಾಲಾಗಿ ಹಲಸಿನ ಹಪ್ಪಳ ಹಾಕಿದ್ದಾಳೆ. ಒರಗುವ ಹಲಗೆಯ ಮೇಲೂ ಹನ್ನೆರಡು.