ಹುಬ್ಬಳ್ಳಿ ಸೀಮೆಯಲ್ಲಿ ಪಿಕಪ್ ಕೊಳ್ಳುವಾಗ: ಎಂಜಿನ್ ಯಾವುದು, ಕಿಲೋಮೀಟರಿಗೆ ಬೀಳುವುದೆಷ್ಟು

ಗೋಕುಲ ರೋಡಿನ ಶೋರೂಮಿಗೆ ಹೋದವರು ಮೊದಲು ಕೇಳುವುದು ಒಂದೇ ಮಾತು: "ಲೀಟರಿಗೆ ಎಷ್ಟ ಕೊಡತೈತ್ರೀ?" ಕೇಳಲಿ, ತಪ್ಪಿಲ್ಲ. ಆದರೆ ಅದಕ್ಕೂ ಮುಂಚೆ ಮನೆಯಲ್ಲೇ ಕುಳಿತು ಮೂರು ಅಂಕಿ ಬರೆದುಕೊಳ್ಳಬೇಕು. ದಿನಕ್ಕೆ ಎಷ್ಟು ಕಿ.ಮೀ. ಓಡುತ್ತದೆ, ಅದರಲ್ಲಿ ಖಾಲಿ ಎಷ್ಟು, ಒಂದು ಲೋಡಿನ ತೂಕ ಎಷ್ಟು. ಎಂಜಿನ್ ಆರಿಸಿಕೊಡುವುದು ಈ ಮೂರೇ.

ತೂಕದಿಂದ ಶುರು ಮಾಡೋಣ. ಸಿಮೆಂಟ್ 30 ಚೀಲ ಅಂದರೆ 1,500 ಕಿಲೋ. ಗಾಡಿಯ ಬಾಡಿಯಲ್ಲಿ ಎರಡು ಪದರಕ್ಕೆ ಮುಗಿಯುತ್ತದೆ, ನೋಡಿದರೆ ಇನ್ನೂ ಅರ್ಧ ಗಾಡಿ ಖಾಲಿ ಇದ್ದಂತೆ ಕಾಣುತ್ತದೆ. ಅಲ್ಲೇ ಮೋಸ ಹೋಗುವುದು, ಇನ್ನೂ 10 ಚೀಲ ಎಸೆಯುವುದು. ಬ್ಯಾಡಗಿ ಮೆಣಸಿನಕಾಯಿಯದು ತಿರುವು ಮುರುವು: ತೂಕ ಆಗುವ ಮುಂಚೆಯೇ ಜಾಗ ಮುಗಿಯುತ್ತದೆ. ಹಾಗಾಗಿ ಮೆಣಸಿನಕಾಯಿ, ಹತ್ತಿ, ಮೇವು ಹೊಡೆಯುವವರಿಗೆ 9-10 ಅಡಿಯ ಉದ್ದ ಬಾಡಿ ಬೇಕೇ ಹೊರತು ದೊಡ್ಡ ಎಂಜಿನ್ ಅಲ್ಲ. ಸಿಮೆಂಟ್, ಕಬ್ಬಿಣ, ಉಳ್ಳಾಗಡ್ಡಿ, ಗೋವಿನಜೋಳ ಹೊಡೆಯುವವರಿಗೆ ಟಾರ್ಕ್, ಅಂದರೆ ಎಳೆಯುವ ಬಲ ಬೇಕು. ಎಚ್‌ಪಿ ಅಂಕಿ ನೋಡಿ ಮರುಳಾಗಬೇಡಿ. ಲೋಡ್ ಗಾಡಿ ನಿಂತಲ್ಲಿಂದ ಕದಲುವುದು ಟಾರ್ಕ್ ಮೇಲೆ.

ಈಗ ಗಾಡಿಗಳು. ಮಹೀಂದ್ರಾ ಬೊಲೆರೊ ಪಿಕಪ್‌ನಲ್ಲಿ 2,523 ಸಿಸಿಯ 4 ಸಿಲಿಂಡರ್ ಡೀಸೆಲ್, 200 ನ್ಯೂಟನ್ ಮೀಟರ್ ಟಾರ್ಕ್. ಹಳೇ ಕಾಲದ ದಪ್ಪ ಎಂಜಿನ್, ಸದ್ದು ಜಾಸ್ತಿ. ಆದರೆ ಕಡಿಮೆ ಆರ್‌ಪಿಎಂನಲ್ಲೇ, ಅಂದರೆ ಎಂಜಿನ್ ನಿಮಿಷಕ್ಕೆ ಕಡಿಮೆ ಸುತ್ತು ತಿರುಗುವಾಗಲೇ, ಎಳೆಯುತ್ತದೆ, ಕೈ ಹಾಕಬಲ್ಲ ಮೇಸ್ತ್ರಿ ತಾಲ್ಲೂಕು ಊರಲ್ಲೂ ಸಿಗುತ್ತಾನೆ. ಅಶೋಕ್ ಲೇಲ್ಯಾಂಡ್ ದೋಸ್ತ್‌ನದು 1,478 ಸಿಸಿ, 3 ಸಿಲಿಂಡರ್, 190 ನ್ಯೂಟನ್ ಮೀಟರ್. ಟಾಟಾ ಇಂಟ್ರಾದಲ್ಲಿ ವಿ30 ಮತ್ತು ವಿ50 ಎರಡಕ್ಕೂ ಅದೇ 1,496 ಸಿಸಿ ಎಂಜಿನ್, ಆದರೆ ವಿ30 ಕೊಡುವುದು 140, ವಿ50 ಕೊಡುವುದು 220. ದರ ಮಾತ್ರ ನೋಡಿ ವಿ30 ತಂದು ಅದರ ಮೇಲೆ ವಿ50ಯ ಲೋಡ್ ಹೇರಿದರೆ ಬೆಲೆ ತೆರುವುದು ಕ್ಲಚ್. ಟಾಟಾ ಯೋಧಾದ್ದು 2.2 ಲೀಟರ್, 250 ನ್ಯೂಟನ್ ಮೀಟರ್. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾದಿಂದ ತುಂಬಿಕೊಂಡು ವಾಪಸ್ ಏರುವವರು ಇಷ್ಟು ಬಲದ ಎಂಜಿನ್ ಕಡೆಗೇ ನೋಡಬೇಕು. ಊರೊಳಗೆ ದುರ್ಗದಬೈಲ್, ಕೊಪ್ಪೀಕರ ರೋಡ್ ಸುತ್ತುವುದಕ್ಕೆ ಯೋಧಾ ತಂದರೆ ಎಣ್ಣೆಗೂ ಪಾರ್ಕಿಂಗಿಗೂ ದಂಡ.

ಅಮೆರಿಕದ ಫುಲ್ ಸೈಜ್ ಪಿಕಪ್, ಅದರ 5 ಲೀಟರ್, 8 ಸಿಲಿಂಡರಿನ ವಿ8 ಎಂಜಿನ್ ವಿಡಿಯೊದಲ್ಲಿ ನೋಡಲು ಚೆಂದ. ಹುಬ್ಬಳ್ಳಿಯ ಬಾಡಿಗೆ ದರಕ್ಕೂ ಅದಕ್ಕೂ ಸಂಬಂಧವಿಲ್ಲ.

ಊರೊಳಗಿನ ಸಣ್ಣ ಗಾಡಿಗೆ ಡೀಸೆಲ್ ಬೇಕೇ ಎಂಬುದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಿ. ಪೆಟ್ರೋಲ್ ₹103, ಮೈಲೇಜ್ 17 ಎಂದು ಹಿಡಿದರೆ ಕಿ.ಮೀ.ಗೆ ₹6.06. ಡೀಸೆಲ್ ₹91, ಮೈಲೇಜ್ 20 ಹಿಡಿದರೆ ₹4.55. ಉಳಿತಾಯ ₹1.51. ಡೀಸೆಲ್ ಗಾಡಿ ₹80,000 ಜಾಸ್ತಿ ಇದ್ದರೆ ಆ ದುಡ್ಡು ವಾಪಸ್ ಬರಲು ಸುಮಾರು 53,000 ಕಿ.ಮೀ. ಓಡಬೇಕು. ದಿನಕ್ಕೆ 50 ಕಿ.ಮೀ., ವರ್ಷಕ್ಕೆ 300 ದಿನ ಓಡಿದರೆ ಮೂರೂವರೆ ವರ್ಷ. ದಿನಕ್ಕೆ 120 ಓಡಿದರೆ ಒಂದೂವರೆ ವರ್ಷ. ನಿಮ್ಮ ಬಂಕಿನ ದರ ಹಾಕಿ ಇದನ್ನೇ ಮತ್ತೆ ಮಾಡಿ.

ಸಿಎನ್‌ಜಿಗೂ ಇದೇ ಲೆಕ್ಕ, ಜೊತೆಗೆ ಮೂರು ಕಳೆಯುವ ಬಾಬ್ತು. ಗ್ಯಾಸ್ ಸಿಲಿಂಡರಿನ ತೂಕ ನಿಮ್ಮ ಲೋಡಿನಲ್ಲಿ ಕಡಿತವಾಗುತ್ತದೆ. ಏರಿನಲ್ಲಿ ಎಳೆತ ಕಡಿಮೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಕಡ್ಡಾಯ, ಅಂದು ಗಾಡಿ ನಿಲ್ಲುತ್ತದೆ. ಬಂಕಿನಲ್ಲಿ ಪಾಳಿ ಹಚ್ಚುವ ಅರ್ಧ ತಾಸನ್ನೂ ಬಾಡಿಗೆಯಲ್ಲಿ ಎಣಿಸಿ.

ಬಿಎಸ್6 (ಹೊಗೆ ಕಡಿಮೆ ಮಾಡುವ ಹೊಸ ಮಾನದಂಡ) ಡೀಸೆಲ್ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು, ಏಕೆಂದರೆ 2020ರ ಏಪ್ರಿಲ್ ನಂತರದ ಗಾಡಿಗಳಲ್ಲಿ ದುಡ್ಡು ಸುರಿಯುವ ಜಾಗ ಇದೇ. ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಜಾಲರಿ ಇದ್ದು, ಹೊಗೆಯ ಮಸಿಯನ್ನು ಹಿಡಿದಿಡುತ್ತದೆ. ಮಸಿ ತುಂಬಿದಾಗ ಎಂಜಿನ್ ತಾನೇ ಹೆಚ್ಚು ಡೀಸೆಲ್ ಬಿಟ್ಟು, ಜಾಲರಿಯನ್ನು 600 ಡಿಗ್ರಿಯ ಆಸುಪಾಸಿಗೆ ಕಾಯಿಸಿ ಅದನ್ನು ಸುಡುತ್ತದೆ. ಅದಕ್ಕೆ ಗಾಡಿ ಒಂದೇ ಸಮ ಓಡುತ್ತಿರಬೇಕು. ಅಮರಗೋಳ ಎಪಿಎಂಸಿಯಿಂದ ಅಡತಿ ಅಂಗಡಿಗೆ, ಅಲ್ಲಿಂದ ಗೋಡೌನಿಗೆ, ಎರಡೆರಡು ಕಿ.ಮೀ. ಓಡಿ ಆಫ್ ಮಾಡುವ ಗಾಡಿಯಲ್ಲಿ ಸುಡುವುದು ಅರ್ಧಕ್ಕೇ ನಿಲ್ಲುತ್ತದೆ. ಮತ್ತೆ ಮತ್ತೆ ಅರ್ಧಕ್ಕೆ ನಿಂತರೆ, ಸುಡಲೆಂದು ಬಿಟ್ಟ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಹಾಗಾಗಿ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಡಿಮೆ ಆಗಿದೆಯೇ ಎಂದಷ್ಟೇ ನೋಡಿದರೆ ಸಾಲದು. ಮೇಲಿನ ಗೆರೆ ದಾಟಿ ಏರಿದ್ದರೆ, ಡೀಸೆಲ್ ವಾಸನೆ ಬಂದರೆ, ಅವಧಿಗೆ ಕಾಯದೆ ಆಯಿಲ್ ಬದಲಿಸಿ. ತೆಳುವಾದ ಆಯಿಲ್ ಮೊದಲು ತಿನ್ನುವುದು ಟರ್ಬೊವನ್ನು, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ಕೊಡುವ ಭಾಗವನ್ನು.

ಡಿಪಿಎಫ್ ದೀಪ ಹೊತ್ತಿದರೆ ಹೀಗೆ ಮಾಡಿ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇರಲಿ. ಗಬ್ಬೂರ ಕ್ರಾಸ್‌ನಿಂದ ಹೈವೇ ಹಿಡಿದು, ಒಂದು ಗೇರ್ ಕಡಿಮೆ ಇಟ್ಟು, 2,000 ಆರ್‌ಪಿಎಂ ಮೇಲೆ, 50-60ರ ವೇಗದಲ್ಲಿ 20 ನಿಮಿಷ ನಿಲ್ಲಿಸದೆ ಓಡಿಸಿ. ದೀಪ ಆರಿದ ಮೇಲೂ ಐದು ನಿಮಿಷ ಓಡಲಿ. ಕೆಲವು ಮಾಡೆಲ್‌ಗಳಲ್ಲಿ ನಿಂತಲ್ಲೇ ಸುಡುವ ಬಟನ್ ಇರುತ್ತದೆ. ಅದನ್ನು ಕಣದಲ್ಲಿ, ಮೇವಿನ ಬಣವೆ ಹತ್ತಿರ, ಒಣ ಹುಲ್ಲಿನ ಮೇಲೆ ಎಂದೂ ಒತ್ತಬೇಡಿ. ಕೆಳಗಿನ ಪೈಪಿನ ಕಾವಿಗೆ ಗೋವಿನಜೋಳದ ರವದಿ ಹತ್ತಿಕೊಳ್ಳಲು ಹೊತ್ತು ಬೇಕಿಲ್ಲ. ದೀಪದ ಜೊತೆ ಎಳೆತ ಸತ್ತು ಗಾಡಿ ಮುಂದೆ ಹೋಗದಂತಾದರೆ ಓಡಿಸಿ ಪ್ರಯೋಜನವಿಲ್ಲ, ಸರ್ವಿಸ್ ಸೆಂಟರ್‌ನಲ್ಲಿ ಕಂಪ್ಯೂಟರ್ ಹಚ್ಚಿಯೇ ಸುಡಿಸಬೇಕು.

ಆಯಿಲ್ ಕೊಳ್ಳುವಾಗ ಮ್ಯಾನುಯಲ್‌ನಲ್ಲಿ ಬರೆದ ದರ್ಜೆಯನ್ನೇ ಕೊಳ್ಳಿ. ಡಬ್ಬಿಗೆ ₹300 ಉಳಿಸಲು ಹಳೇ ದರ್ಜೆಯದು ಹಾಕಿದರೆ ಅದರ ಬೂದಿ ಜಾಲರಿಯಲ್ಲಿ ಕೂರುತ್ತದೆ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಹೊಲದ ಬ್ಯಾರಲ್‌ನಲ್ಲಿ ತುಂಬಿಟ್ಟ ಡೀಸೆಲ್ ಹಾಕುವ ಅಭ್ಯಾಸವೂ ಬೇಡ. ಒಂದಿಷ್ಟು ನೀರು ಸೇರಿದರೂ ಇಂಜೆಕ್ಟರ್ ಹೋಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಡೀಸೆಲ್ ಫಿಲ್ಟರ್ ಕೆಳಗಿನ ಸ್ಕ್ರೂ ಸಡಿಲಿಸಿ ನೀರು ಬಿಡಿ. ಮೆಣಸಿನಕಾಯಿ ಸುಗ್ಗಿಯಲ್ಲಿ, ಗೋವಿನಜೋಳ ಒಕ್ಕುವಾಗ ಏರ್ ಫಿಲ್ಟರ್ ಅವಧಿಗೆ ಮುಂಚೆಯೇ ಕಟ್ಟುತ್ತದೆ. ಗಾಳಿ ಹೊಡೆಸುವುದಾದರೆ ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ. ಹೊರಗಿನಿಂದ ಹೊಡೆದರೆ ಧೂಳು ಕಾಗದದೊಳಗೇ ನಾಟಿಕೊಳ್ಳುತ್ತದೆ.

ನರಗುಂದ, ನವಲಗುಂದ, ಗದಗ ಕಡೆ ಎರೆ ಹೊಲಕ್ಕೆ ಇಳಿಯುವವರಿಗೆ ಒಂದು ಮಾತು. ಒಂದು ಮಳೆ ಬಿದ್ದ ಮೇಲೆ ಯಾವ ಎಂಜಿನ್ನೂ ಕೆಲಸಕ್ಕೆ ಬರದು. ಮಣ್ಣು ಟೈರಿನ ಹಲ್ಲು ಮುಚ್ಚಿ ಚಕ್ರ ನಿಂತಲ್ಲೇ ತಿರುಗುತ್ತದೆ, ಅರ್ಧ ಕ್ಲಚ್ಚಿನಲ್ಲಿ ಒದ್ದಾಡಿಸಿದರೆ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ. ರಸ್ತೆ ಮೇಲೆ ನಿಲ್ಲಿಸಿ ಟ್ರ್ಯಾಕ್ಟರಿನಿಂದ ತಂದು ತುಂಬಿಸಿಕೊಳ್ಳುವುದೇ ಅಗ್ಗ.

ಈಗ ತಿಂಗಳ ಲೆಕ್ಕ. ದೊಡ್ಡ ಪಿಕಪ್, ₹8 ಲಕ್ಷ ಸಾಲ, 10.5 ಬಡ್ಡಿ, 5 ವರ್ಷ: ಕಂತು ₹17,200. ಇದೇ ಸಾಲವನ್ನು 4 ವರ್ಷಕ್ಕೆ ಮುಗಿಸಿದರೆ ಕಂತು ₹20,500 ಹತ್ತಿರ, ಒಟ್ಟು ಬಡ್ಡಿಯಲ್ಲಿ ಸುಮಾರು ₹48,500 ಉಳಿಯುತ್ತದೆ. ವಿಮೆ ವರ್ಷಕ್ಕೆ ₹42,000 ಹಿಡಿದರೆ ತಿಂಗಳಿಗೆ ₹3,500. ಅದರಲ್ಲಿ ಥರ್ಡ್ ಪಾರ್ಟಿ ಪಾಲು, ಒಟ್ಟು ತೂಕ 7,500 ಕಿಲೋ ಒಳಗಿನ ಬಾಡಿಗೆ ಗೂಡ್ಸ್ ಗಾಡಿಗೆ, 2022ರ ದರಪಟ್ಟಿಯಂತೆ ತೆರಿಗೆ ಬಿಟ್ಟು ₹16,049. ಇದರಲ್ಲಿ ಏಜೆಂಟ್ ಕಡಿಮೆ ಮಾಡಲು ಬರುವುದಿಲ್ಲ, ಚೌಕಾಸಿ ಏನಿದ್ದರೂ ಉಳಿದ ಭಾಗದ ಮೇಲೆ. ಡ್ರೈವರ್ ₹15,000. ತಿಂಗಳಿಗೆ 3,000 ಕಿ.ಮೀ., ಮೈಲೇಜ್ 12 ಆದರೆ ಡೀಸೆಲ್ ₹22,750. ಟೈರ್ ನಾಲ್ಕಕ್ಕೆ ₹26,000, ಆಯುಷ್ಯ 40,000 ಕಿ.ಮೀ.; ತಿಂಗಳಿಗೆ ₹1,950. ಸರ್ವಿಸ್ ₹2,100. ಕ್ಲಚ್, ಬ್ರೇಕ್, ಅಕಸ್ಮಾತ್ ಖರ್ಚಿಗೆ ತೆಗೆದಿಡುವುದು ₹2,500. ಒಟ್ಟು ₹65,000, ಕಿ.ಮೀ.ಗೆ ₹21.67. ಟೋಲ್, ಹಮಾಲಿ ಇದರಲ್ಲಿಲ್ಲ.

ಇದೇ ಗಾಡಿ ತಿಂಗಳಿಗೆ 1,500 ಕಿ.ಮೀ. ಮಾತ್ರ ಓಡಿದರೆ? ಕಂತು, ವಿಮೆ, ಪಗಾರ ಸೇರಿ ₹35,700 ಅಲ್ಲಾಡುವುದಿಲ್ಲ. ಕಿ.ಮೀ.ಗೆ ₹33.57 ಆಗುತ್ತದೆ. ಮೈಲೇಜ್ 12ರಿಂದ 14ಕ್ಕೆ ಏರಿದರೆ ಉಳಿಯುವುದು ಕಿ.ಮೀ.ಗೆ ₹1.08, ಗಾಡಿ ಅರ್ಧ ತಿಂಗಳು ನಿಂತರೆ ಏರುವುದು ಹತ್ತಿರ ಹತ್ತಿರ ₹12. ಬ್ಯಾಡಗಿಗೆ ಮಾಲು ಇಳಿಸಿ ಖಾಲಿ ಬರುವುದಾದರೆ ಬಾಡಿಗೆಯನ್ನು ಎರಡೂ ಕಡೆಯ ಕಿ.ಮೀ. ಎಣಿಸಿಯೇ ಹೇಳಿ, ಇಲ್ಲವೇ ಹಾವೇರಿ, ರಾಣೆಬೆನ್ನೂರಲ್ಲಿ ವಾಪಸ್ ಲೋಡ್ ಕೊಡುವ ಅಂಗಡಿ ಮೊದಲೇ ಗೊತ್ತು ಮಾಡಿಕೊಳ್ಳಿ.

ಕಾಗದಪತ್ರದಲ್ಲಿ ದುಡ್ಡು ಉಳಿಯುವ ಜಾಗಗಳಿವೆ. ಒಟ್ಟು ತೂಕ, ಅಂದರೆ ಗಾಡಿ ಮತ್ತು ಲೋಡ್ ಸೇರಿ, 3,000 ಕಿಲೋ ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ. 1.3 ಟನ್ ಮತ್ತು 1.7 ಟನ್ ಲೋಡಿನ ಮಾಡೆಲ್ ನಡುವೆ ತೂಗುವಾಗ ಬ್ರೋಷರಿನಲ್ಲಿ ಈ ಅಂಕಿ ಹುಡುಕಿ. 2025ರ ಸೆಪ್ಟೆಂಬರ್ 22ರಿಂದ ಗೂಡ್ಸ್ ಗಾಡಿಯ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಹಳೇ ಕೊಟೇಶನ್ ತೋರಿಸಿದರೆ ಒಪ್ಪಬೇಡಿ. ಫಿಟ್ನೆಸ್ ಸರ್ಟಿಫಿಕೇಟ್ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಓವರ್‌ಲೋಡ್ ಸಿಕ್ಕರೆ ಕಾಯ್ದೆಯ ದಂಡ ₹20,000, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ ₹2,000, ಹೆಚ್ಚಿನ ಮಾಲು ಇಳಿಸುವ ಖರ್ಚೂ ನಿಮ್ಮದೇ. ಹಿಂದೆ ಒಂದು ಪಾಟಾ (ಸ್ಪ್ರಿಂಗ್ ಪಟ್ಟಿ) ಜಾಸ್ತಿ ಹಾಕಿಸಿದರೆ ಗಾಡಿ ಕೂರುವುದಿಲ್ಲ, ಖರೆ. ಆದರೆ ಆ್ಯಕ್ಸಲ್, ಬ್ರೇಕ್ ಹಳೇ ತೂಕಕ್ಕೇ ಮಾಡಿದವು.

ಸೆಕೆಂಡ್ ಹ್ಯಾಂಡ್ ಬಿಎಸ್6 ನೋಡುವಾಗ ಎಂಜಿನ್ ತಣ್ಣಗಿರುವಾಗಲೇ ಹೋಗಿ. ಮಾಲೀಕ ಮೊದಲೇ ಕಾಯಿಸಿಟ್ಟಿದ್ದರೆ ಮರುದಿನ ಬನ್ನಿ. ಸೈಲೆನ್ಸರ್ ಬಾಯಿಯೊಳಗೆ ಬೆರಳಾಡಿಸಿ ನೋಡಿ. ಡಿಪಿಎಫ್ ಸರಿಯಿದ್ದರೆ ಬೆರಳು ಹೆಚ್ಚೂ ಕಡಿಮೆ ಸ್ವಚ್ಛ ಬರುತ್ತದೆ. ಕಾಡಿಗೆಯಂತೆ ಕಪ್ಪು ಹತ್ತಿದರೆ ಜಾಲರಿ ಒಡೆದಿದೆ, ಇಲ್ಲವೇ ಕಿತ್ತಿದ್ದಾರೆ; ಹೊಸದರ ಬೆಲೆಯನ್ನು ಗಾಡಿ ಬೆಲೆಯಲ್ಲಿ ಮುರಿದುಕೊಳ್ಳಿ. ಆಯಿಲ್ ಮುಚ್ಚಳ ತೆಗೆದು ಎಂಜಿನ್ ಓಡಿಸಿದಾಗ ಉಗಿಬಂಡಿಯಂತೆ ಹೊಗೆ ಬುಸುಗುಟ್ಟಿದರೆ ಪಿಸ್ಟನ್ ರಿಂಗ್ ಸವೆದಿವೆ. ಕೆಎ 25, 63, 26, 27, 68 ಯಾವ ನಂಬರೇ ಇರಲಿ, ಬಾಕಿ ಚಲನ್ ಮತ್ತು ಫಿಟ್ನೆಸ್ ತಾರೀಕನ್ನು ಆನ್‌ಲೈನ್‌ನಲ್ಲಿ ನೋಡಿ. ಆರ್‌ಸಿಯಲ್ಲಿ ಸಾಲದ ಹೆಸರು ಇದ್ದರೆ ಫೈನಾನ್ಸ್‌ನವರ ಎನ್‌ಒಸಿ ಮತ್ತು ಸಹಿ ಹಾಕಿದ ಫಾರಂ 35 (ಆರ್‌ಸಿಯಿಂದ ಸಾಲದ ಹೆಸರು ತೆಗೆಸುವ ಅರ್ಜಿ) ಕೈಗೆ ಬರುವ ತನಕ ಮುಂಗಡಕ್ಕಿಂತ ಹೆಚ್ಚು ಒಂದು ರೂಪಾಯಿ ಕೊಡಬೇಡಿ.