ಪೈಥಾನ್ ಟ್ರೇಸ್‌ಬ್ಯಾಕ್ ಒಡೆದು ಗುಂಪು ಮಾಡಿದ್ದು: ನನ್ನ ಅನುಭವ

ಪೈಥಾನ್ ಪ್ರೋಗ್ರಾಂ ಎರರ್ ಆಗಿ ನಿಂತಾಗ, ಎಲ್ಲೆಲ್ಲಿ ಹಾದು ಎಲ್ಲಿ ಮುಗ್ಗರಿಸಿತು ಎಂದು ಬರೆದುಕೊಡುವ ಪಟ್ಟಿಯೇ ಟ್ರೇಸ್‌ಬ್ಯಾಕ್. ಮೂರು ತಿಂಗಳು ಎಲ್ಲರೂ ನನಗೆ ಒಂದೇ ಮಾತು ಹೇಳಿದರು. "ಲಾಗ್‌ನಲ್ಲಿರೋ ಟ್ರೇಸ್‌ಬ್ಯಾಕ್ ಜೊತೆ ಯಾಕೆ ಗುದ್ದಾಡ್ತೀಯ? ಪ್ರೋಗ್ರಾಂ ಒಳಗೇ ಹುಕ್ ಹಾಕು." ಹುಕ್, ಅಂದರೆ ಎರರ್ ಆದ ಕೂಡಲೇ ಅದನ್ನು ಹಿಡಿಯುವ ಕೋಡ್, ಹಾಕೋದು ನನಗೂ ಗೊತ್ತು. ಆದರೆ ನಮ್ಮ ಬಿಲ್ಲಿಂಗ್ ಸ್ಕ್ರಿಪ್ಟ್ ಓಡುವುದು 40ಕ್ಕೂ ಜಾಸ್ತಿ ಕಿರಾಣಿ ಅಂಗಡಿಗಳ ಕಂಪ್ಯೂಟರ್‌ಗಳಲ್ಲಿ. ಒಂದು ಕಡೆ ಪೈಥಾನ್ 3.6, ಇನ್ನೊಂದು ಕಡೆ 3.12. ಓಡುತ್ತಿರುವುದನ್ನು ಮುಟ್ಟಲು ಹೆಚ್ಚಿನ ಮಾಲೀಕರು ಬಿಡುವುದಿಲ್ಲ. ನಮ್ಮ ಕೈಗೆ ಸಿಗುವುದು ರಾತ್ರಿ ಬರುವ ಲಾಗ್ ಫೈಲ್ ಮಾತ್ರ. ಅದರಲ್ಲಿ ಸುಮಾರು 1100 ಟ್ರೇಸ್‌ಬ್ಯಾಕ್ ಇರುತ್ತವೆ. ಒಂದೇ ಥರದವನ್ನು ಗುಂಪು ಮಾಡಿದ ಮೇಲೆ ಈಗ ಬೆಳಿಗ್ಗೆ ನಾನು ನೋಡುವುದು 17-18 ಸಾಲು. ಅಷ್ಟೇ.

ಮೊದಲು ದುಡ್ಡು ಕೊಟ್ಟೇ ನೋಡಿದೆವು. ಹೊಸ ಪೈಥಾನ್ ಇದ್ದ ಹತ್ತು ಅಂಗಡಿಗೆ ಒಂದು ಎರರ್ ಟ್ರ್ಯಾಕಿಂಗ್ ಸರ್ವಿಸ್ ಹಾಕಿಸಿದೆ. ಒಂದು ಸ್ಕ್ರಿಪ್ಟ್ ಲೂಪ್‌ನಲ್ಲಿ ಸಿಕ್ಕಿಕೊಂಡು ಒಂದೇ ಎರರನ್ನು ರಾತ್ರಿಯಿಡೀ ಕಳಿಸಿತು. ತಿಂಗಳ ಲಿಮಿಟ್ ಎರಡೇ ದಿನಕ್ಕೆ ಮುಗಿಯಿತು. ಬಿಲ್ 9 ಸಾವಿರದ ಹತ್ತಿರ ಬಂತು. ಆರು ಜನರ ಕಂಪನಿಗೆ ಅದು ಜಾಸ್ತಿಯೇ.

ಆಮೇಲೆ ನಾನೇ ಕೂತೆ. ಮೊದಲ ತಪ್ಪು ಏನಂದರೆ, ಅಭ್ಯಾಸಬಲದಿಂದ ಪ್ರತಿ ಸಾಲಿಗೂ ಸ್ಟ್ರಿಪ್ ಹೊಡೆದು ಅಕ್ಕಪಕ್ಕದ ಖಾಲಿ ಜಾಗ ಅಳಿಸಿದ್ದೆ. ಟ್ರೇಸ್‌ಬ್ಯಾಕ್‌ನಲ್ಲಿ ಎಲ್ಲ ಗುರುತೂ ಎಡಗಡೆಯ ಖಾಲಿ ಜಾಗದಲ್ಲೇ ಇದೆ. ಎರಡು ಸ್ಪೇಸ್ ಇದ್ದರೆ ಫ್ರೇಮ್, ಅಂದರೆ ಯಾವ ಫೈಲ್, ಯಾವ ಲೈನ್, ಯಾವ ಫಂಕ್ಷನ್ ಎಂದು ಹೇಳುವ ಸಾಲು. ನಾಲ್ಕು ಇದ್ದರೆ ಕೋಡ್ ಸಾಲು. ಏನೂ ಇಲ್ಲದಿದ್ದರೆ ಎರರ್ ಮೆಸೇಜ್. ಅದನ್ನು ಅಳಿಸಿದ ಮೇಲೆ ಉಳಿಯೋದೇನು?

ಎರಡನೇ ತಪ್ಪು, ಒಂದು ಫ್ರೇಮ್‌ಗೆ ಎರಡೇ ಸಾಲು ಎಂದು ನಂಬಿದ್ದು. ಸೋರ್ಸ್ ಫೈಲ್ ಸಿಗದಿದ್ದರೆ ಕೋಡ್ ಸಾಲು ಬರುವುದೇ ಇಲ್ಲ. ಆಗ ನನ್ನ ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕುವ ಸೂತ್ರ) ಮುಂದಿನ ಫ್ರೇಮನ್ನೇ ಕೋಡ್ ಅಂದುಕೊಂಡು ನುಂಗುತ್ತಿತ್ತು. 3.11ರಿಂದ ಕೋಡ್ ಕೆಳಗೆ ಟೋಪಿ ಗುರುತುಗಳ (^) ಸಾಲೊಂದು ಬೇರೆ ಸೇರಿಕೊಂಡಿದೆ. ಫಂಕ್ಷನ್ ತನ್ನನ್ನೇ ಮತ್ತೆ ಮತ್ತೆ ಕರೆದು ರಿಕರ್ಷನ್ ಆದರೆ 'ಹಿಂದಿನ ಸಾಲು ಇನ್ನೂ ಇಷ್ಟು ಸಲ ಬಂದಿದೆ' ಎಂಬ ಸಾಲು ಬರುತ್ತದೆ. ಮುಖ್ಯ ಸ್ಕ್ರಿಪ್ಟ್‌ನಲ್ಲೇ ಸಿಂಟ್ಯಾಕ್ಸ್ ಎರರ್ ಆದರೆ ಟ್ರೇಸ್‌ಬ್ಯಾಕ್ ಎಂಬ ತಲೆಸಾಲೇ ಇರುವುದಿಲ್ಲ! ಒಂದು ದೊಡ್ಡ ರೆಜೆಕ್ಸ್‌ನಲ್ಲಿ ಇದೆಲ್ಲ ಹಿಡಿಯಲ್ಲ. ಅದನ್ನು ಬಿಸಾಡಿ, ಈಗ ಯಾವ ಥರದ ಸಾಲಿನಲ್ಲಿದ್ದೇನೆ ಎಂದು ನೆನಪಿಟ್ಟುಕೊಂಡು ಒಂದೊಂದೇ ಸಾಲು ಓದುವ ಸಣ್ಣ ಸ್ಟೇಟ್ ಮಷೀನ್ ಬರೆದೆ. ಒಟ್ಟು 380 ಸಾಲು ಇರಬಹುದು.

ಆದರೆ ನಿಜವಾಗಿ ಪೆಟ್ಟು ಕೊಟ್ಟಿದ್ದು ಸರಪಳಿ ಎರರ್, ಅಂದರೆ ಒಂದು ಎರರ್‌ನ ಬೆನ್ನಿಗೆ ಬರುವ ಇನ್ನೊಂದು ಎರರ್. ಹಾಸನದ ಒಂದು ಅಂಗಡಿಯಿಂದ ವಾರಗಟ್ಟಲೆ 'ಸರ್ವರ್ ಸಿಗುತ್ತಿಲ್ಲ' ಎಂದು ಬರುತ್ತಿತ್ತು. ಲಾಗ್ ಓದಿ ಒಡೆಯುವ ನನ್ನ ಪಾರ್ಸರ್ ಕೊನೆಯ ಮೆಸೇಜ್ ಮಾತ್ರ ತೆಗೆಯುತ್ತಿತ್ತು. ನೆಟ್ ತೊಂದರೆ ಎಂದು ಹುಡುಗನನ್ನು ಎರಡು ಸಲ ಬಸ್ ಹತ್ತಿಸಿ ಕಳಿಸಿದೆ. ಕೇಬಲ್ ಬದಲಾಯಿಸಿದ, ರೂಟರ್ ಬದಲಾಯಿಸಿದ. ಏನೂ ಸರಿಹೋಗಲಿಲ್ಲ. ನಿಜವಾದ ಎರರ್ ಅದೇ ಲಾಗ್‌ನಲ್ಲಿ ಮೂವತ್ತು ಸಾಲು ಮೇಲಿತ್ತು: ಒಬ್ಬ ಗ್ರಾಹಕರ ದಾಖಲೆಯಲ್ಲಿ ಜಿಎಸ್‌ಟಿ ನಂಬರ್ ಇಲ್ಲದೆ ಬಂದ ಕೀ ಎರರ್. ಅದನ್ನು ಹಿಡಿದು 'ಸರ್ವರ್ ಸಿಗುತ್ತಿಲ್ಲ' ಎಂದು ಹೊಸ ಎರರ್ ಎಬ್ಬಿಸಿದ್ದು (ರೈಸ್ ಮಾಡಿದ್ದು) ನಮ್ಮದೇ ಕೋಡ್. ನಮಗೆ ಅದು ತಿಳಿಯುವ ಹೊತ್ತಿಗೆ ಆ ಅಂಗಡಿಯವರು ಬೇರೆಯವರ ಹತ್ತಿರ ಹೋಗಿದ್ದರು. ವರ್ಷಕ್ಕೆ 36 ಸಾವಿರದ ಗಿರಾಕಿ. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಅವತ್ತಿನಿಂದ ಮೆಸೇಜ್ ಸಿಕ್ಕ ಕೂಡಲೇ ಬಾಗಿಲು ಹಾಕುವುದಿಲ್ಲ. ಖಾಲಿ ಸಾಲು, ನಡುವೆ ಕೊಂಡಿಯ ವಾಕ್ಯ, ಮತ್ತೆ ಟ್ರೇಸ್‌ಬ್ಯಾಕ್ ಬಂದರೆ ಎಲ್ಲವನ್ನೂ ಒಂದೇ ಸರಪಳಿಗೆ ಸೇರಿಸುತ್ತೇನೆ. ಕೊಂಡಿಯ ವಾಕ್ಯ ಎರಡು ಥರ ಇದೆ. 'ಮೇಲಿನದೇ ನೇರ ಕಾರಣ' ಎಂದಿದ್ದರೆ ಮೇಲಿನದನ್ನೇ ಮೂಲ ಎಂದು ಹಿಡಿಯುತ್ತೇನೆ. 'ಮೇಲಿನದನ್ನು ನಿಭಾಯಿಸುವಾಗ ಇನ್ನೊಂದು ಬಂತು' ಎಂದಿದ್ದರೆ ಹುಷಾರಾಗಿರಬೇಕು. ತಾತ್ಕಾಲಿಕ ಸಂಗ್ರಹದಲ್ಲಿ (cache) ಸಿಗಲಿಲ್ಲ ಎಂಬ ನಿರುಪದ್ರವಿ ಕೀ ಎರರ್ ಮೇಲಿದ್ದು, ನಿಜವಾದ ತೊಂದರೆ ಕೆಳಗಿರಬಹುದು. ಎರಡರಲ್ಲಿ ಯಾವುದು ಎಂದು ಆರಿಸಲು ಒಂದು ಉಪಾಯ ಕಂಡುಕೊಂಡಿದ್ದೇನೆ. ಹತ್ತಕ್ಕೆ ಒಂಬತ್ತು ಸಲ ಸರಿಯಾಗುತ್ತದೆ. ಅದನ್ನು ಮಾತ್ರ ಇಲ್ಲಿ ಬಿಟ್ಟುಕೊಡಲ್ಲ.

ಗುಂಪು ಮಾಡಲು ಮೊದಲು ಮೆಸೇಜ್‌ಗಳ ಹೋಲಿಕೆ ಅಳೆದು ನೋಡಿದೆ. ನಿಧಾನ, ಜೊತೆಗೆ ತಪ್ಪು. ಒಂದು ಉದಾಹರಣೆ ಹೇಳುತ್ತೇನೆ. ಸಾಮಾನಿನ ಹೆಸರುಗಳು ಕನ್ನಡದಲ್ಲಿವೆ. ಲಿನಕ್ಸ್ ಲಾಗ್‌ನಲ್ಲಿ 'ಅಕ್ಕಿ' ಎಂದು ಚೆನ್ನಾಗಿ ಕಾಣುತ್ತದೆ. ಹಳೆ ವಿಂಡೋಸ್‌ನಲ್ಲಿ ಎರರ್ ಔಟ್‌ಪುಟ್ ಫೈಲಿಗೆ ಹೋದರೆ ಅದೇ ಅಕ್ಕಿ ಬ್ಯಾಕ್‌ಸ್ಲ್ಯಾಶ್, ಯು, 0ಸಿ85 ಎಂದು ಶುರುವಾಗುವ ಐದು ಕೋಡ್ ಆಗಿ ಬೀಳುತ್ತದೆ. ಎರರ್ ಒಂದೇ, ಮುಖ ಎರಡು. ಮೆಸೇಜನ್ನು ಪೂರ್ತಿ ಬಿಟ್ಟೆ. ಲೈನ್ ನಂಬರನ್ನೂ ಬಿಟ್ಟೆ, ಯಾಕೆಂದರೆ ಪ್ರತಿ ರಿಲೀಸ್‌ಗೂ ಅದು ಜಾರುತ್ತದೆ. ಎರರ್‌ನ ಜಾತಿ, ನಮ್ಮ ಫೈಲುಗಳ ಹೆಸರು, ಫಂಕ್ಷನ್ ಹೆಸರು ಇವಿಷ್ಟನ್ನೇ ಸೇರಿಸಿ ಹ್ಯಾಶ್ ಮಾಡಿದೆ, ಅಂದರೆ ಒಂದು ಚಿಕ್ಕ ಗುರುತು ಸಂಖ್ಯೆ ಮಾಡಿದೆ. 1100 ಇದ್ದದ್ದು ಒಂದೇ ಸಲ 60ಕ್ಕೆ ಇಳಿಯಿತು.

ಆದರೂ ಒಂದೇ ಬಗ್ ಎರಡು ಗುಂಪಾಗಿ ಬರುತ್ತಿತ್ತು. ನಾಲ್ಕು ದಿನ ತಲೆ ಕೆಡಿಸಿಕೊಂಡೆ. 3.12ರಲ್ಲಿ ಲಿಸ್ಟ್ ಕಾಂಪ್ರಿಹೆನ್ಷನ್‌ಗೆ (ಒಂದೇ ಸಾಲಿನಲ್ಲಿ ಪಟ್ಟಿ ಕಟ್ಟುವ ಕೋಡ್) ಬೇರೆ ಫ್ರೇಮ್ ಇಲ್ಲ, ಸುತ್ತಲಿನ ಫಂಕ್ಷನ್ ಒಳಗೇ ಸೇರಿಹೋಗಿದೆ. ಹಳೆಯದರಲ್ಲಿ ಅದಕ್ಕೆ ತನ್ನದೇ ಫ್ರೇಮ್. ಲಿಸ್ಟ್, ಡಿಕ್ಷನರಿ, ಸೆಟ್ ಮೂರರ ಆ ಫ್ರೇಮ್‌ಗಳನ್ನು ಹ್ಯಾಶ್‌ಗೆ ಮುಂಚೆ ಕಿತ್ತುಹಾಕಿದೆ. ಅಲ್ಲಿಂದ ಗುಂಪು ಕೂಡಿಕೊಳ್ಳತೊಡಗಿದವು. ಇದನ್ನು ಹಿಡಿದದ್ದು ನನಗೆ ತುಂಬ ಹೆಮ್ಮೆಯ ವಿಷಯ.

ಸುಮ್ನೆ ಕುತೂಹಲಕ್ಕೆ ಒಬ್ಬ ಗಿರಾಕಿಯ ಹಳೆ ಪಿಎಚ್‌ಪಿ (ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ) ಲಾಗ್‌ಗೂ ಇದನ್ನೇ ಹಚ್ಚಿದೆ. ಅಲ್ಲಿ ಕ್ರಮ ತಲೆಕೆಳಗು: ಕೊನೆಗೆ ಕರೆದ ಫಂಕ್ಷನ್ ಮೇಲೆ, ಪ್ರೋಗ್ರಾಂ ಶುರುವಾದ ಮೇನ್ ಕೊನೆಗೆ. ಪಟ್ಟಿಯನ್ನು ತಿರುಗಿಸಿದರೆ ಸಾಕು ಅಂದುಕೊಂಡಿದ್ದೆ. ಸಾಕಾಗಲಿಲ್ಲ. ಪೈಥಾನ್‌ನಲ್ಲಿ ಫ್ರೇಮ್ ಸಾಲಿನ ಫಂಕ್ಷನ್ ಎಂದರೆ ಆ ಲೈನ್ ಯಾವುದರ ಒಳಗಿದೆಯೋ ಅದು. ಪಿಎಚ್‌ಪಿಯಲ್ಲಿ ಆ ಲೈನ್ ಯಾವುದನ್ನು ಕರೆಯಿತೋ ಅದು. ಹಾಗಾಗಿ ಫಂಕ್ಷನ್ ಹೆಸರುಗಳನ್ನು ಒಂದು ಮೆಟ್ಟಿಲು ಸರಿಸಬೇಕು. ಎರರ್ ಎದ್ದ ಜಾಗ ಪಟ್ಟಿಯಲ್ಲಿ ಇರುವುದೇ ಇಲ್ಲ, ಮೆಸೇಜ್ ಸಾಲಿನಿಂದ ತೆಗೆಯಬೇಕು. ಒಂದು ಭಾನುವಾರ ಪೂರ್ತಿ ಹೋಯಿತು. ಈಗ ಅದೂ ನಡೆಯುತ್ತಿದೆ. ಆ ಗಿರಾಕಿಯಿಂದ ತಿಂಗಳಿಗೆ 2 ಸಾವಿರ ಬರುತ್ತಿದೆ.